ಹಾರ್ಟ್‌ಬೀಟ್ ನಿಂತಿದೆ ಎಂದ ಮೇಲೆ: ಕಾಯುವುದೋ, ಮಾತ್ರೆಯೋ, ಕ್ಲೀನಿಂಗೋ?

ಎಂಟು, ಒಂಬತ್ತನೇ ವಾರದ ಸ್ಕ್ಯಾನಿನಲ್ಲಿ "ಹಾರ್ಟ್‌ಬೀಟ್ ಇಲ್ಲ, ಬೆಳವಣಿಗೆ ನಿಂತುಹೋಗಿದೆ" ಎಂದು ಹೇಳಿದ ಹತ್ತೇ ನಿಮಿಷಕ್ಕೆ ಎಷ್ಟೋ ಕಡೆ ಮುಂದಿನ ಮಾತು ಬಂದುಬಿಡುತ್ತದೆ: "ನಾಳೆ ಬೆಳಗ್ಗೆ ಖಾಲಿ ಹೊಟ್ಟೇಲಿ ಬನ್ನಿ, ಕ್ಲೀನ್ ಮಾಡಿಬಿಡೋಣ." ಆ ಹೊತ್ತಿನಲ್ಲಿ ತಲೆ ಓಡುವುದಿಲ್ಲ, ಹೆಚ್ಚಿನವರು ಹೂಂ ಅಂದುಬಿಡುತ್ತಾರೆ. ಆದರೆ ವಿಪರೀತ ರಕ್ತಸ್ರಾವವಾಗಲಿ ಜ್ವರವಾಗಲಿ ಇಲ್ಲದಿದ್ದರೆ ನಾಳೆ ಬೆಳಗ್ಗೆಯೇ ಆಗಬೇಕಾದ ಕೆಲಸ ಇದಲ್ಲ. ದೇಹ ತಾನಾಗಿಯೇ ಹೊರಹಾಕುವವರೆಗೆ ಕಾಯಬಹುದು, ಮಾತ್ರೆ ತೆಗೆದುಕೊಳ್ಳಬಹುದು, ಇಲ್ಲವೇ ಆಸ್ಪತ್ರೆಯಲ್ಲಿ ಗರ್ಭಕೋಶ ಖಾಲಿ ಮಾಡಿಸಿಕೊಳ್ಳಬಹುದು. ಮೊದಲ ಮೂರು ತಿಂಗಳೊಳಗಿನ ಗರ್ಭಪಾತಕ್ಕೆ ಈ ಮೂರೂ ಒಪ್ಪಿತ ಚಿಕಿತ್ಸೆಗಳೇ. "ಒಳಗೇ ಇಟ್ಟುಕೊಂಡರೆ ವಿಷ ಏರುತ್ತೆ" ಎಂದು ಮನೆಯ ಹಿರಿಯರು ಹೆದರುತ್ತಾರೆ. ವೈದ್ಯರ ಗಮನದಲ್ಲಿದ್ದು ಒಂದೆರಡು ವಾರ ಕಾದರೆ ಹಾಗೇನೂ ಆಗುವುದಿಲ್ಲ.

ಇಂಗ್ಲೆಂಡಿನಲ್ಲಿ 1,200 ಮಹಿಳೆಯರನ್ನು ಈ ಮೂರು ಗುಂಪುಗಳಲ್ಲಿ ಇಟ್ಟು ನೋಡಿದ ದೊಡ್ಡ ಪ್ರಯೋಗವೊಂದರ ಫಲಿತಾಂಶ 2006ರಲ್ಲಿ ಬಂತು. ಸೋಂಕು ತಗಲಿದವರು ಮೂರೂ ಗುಂಪುಗಳಲ್ಲಿ ನೂರಕ್ಕೆ 2–3 ಮಂದಿ, ಹೆಚ್ಚು ಕಡಿಮೆ ಸಮ. ಅದೇ ಮಹಿಳೆಯರನ್ನು ಮುಂದೆಯೂ ವಿಚಾರಿಸಿದಾಗ, ಐದು ವರ್ಷದೊಳಗೆ ಮಗು ಪಡೆದವರು ಮೂರೂ ಗುಂಪುಗಳಲ್ಲಿ ನೂರಕ್ಕೆ 80ರ ಆಸುಪಾಸು. ಮುಂದೆ ಮಗುವಾಗುತ್ತದೋ ಇಲ್ಲವೋ ಎಂಬ ಭಯದಿಂದ ಯಾವುದನ್ನೂ ಆರಿಸಬೇಕಿಲ್ಲ, ಯಾವುದನ್ನೂ ಬಿಡಬೇಕಿಲ್ಲ. ಹಿಮೋಗ್ಲೋಬಿನ್ ಎಷ್ಟಿದೆ, ಆಸ್ಪತ್ರೆ ಎಷ್ಟು ದೂರ, ಮನೆಯಲ್ಲಿ ಯಾರಿದ್ದಾರೆ, ಏನನ್ನು ತಡೆದುಕೊಳ್ಳಲು ನಿಮಗೆ ಆಗುತ್ತದೆ ಎನ್ನುವುದರ ಮೇಲೆ ತೀರ್ಮಾನ ನಿಲ್ಲಬೇಕು.

ಮೊದಲು ಖಚಿತವಾಗಲಿ

ಸ್ಕ್ಯಾನ್ ರಿಪೋರ್ಟ್ ಕೈಗೆ ತೆಗೆದುಕೊಂಡು ಎರಡು ಅಳತೆ ನೋಡಿ. ಸಿಆರ್‌ಎಲ್ ಎಂದರೆ ಭ್ರೂಣದ ಉದ್ದ. ಯೋನಿಯ ಮೂಲಕ ಮಾಡುವ ಟಿವಿಎಸ್ ಸ್ಕ್ಯಾನಿನಲ್ಲಿ ಅದು 7 ಮಿ.ಮೀ. ಅಥವಾ ಹೆಚ್ಚಿದ್ದು ಹೃದಯ ಬಡಿತ ಇಲ್ಲದಿದ್ದರೆ ಗರ್ಭದ ಬೆಳವಣಿಗೆ ನಿಂತಿದೆ ಎಂದು ಹೇಳಬಹುದು. ಭ್ರೂಣವೇ ಕಾಣದೆ ಬರೀ ಚೀಲ ಕಂಡರೆ, ಆ ಚೀಲದ ಸರಾಸರಿ ಅಗಲ 25 ಮಿ.ಮೀ. ಅಥವಾ ಹೆಚ್ಚಿರಬೇಕು. ಇದಕ್ಕಿಂತ ಚಿಕ್ಕದಿದ್ದರೆ 7ರಿಂದ 14 ದಿನ ಬಿಟ್ಟು ಮತ್ತೊಮ್ಮೆ ನೋಡಬೇಕು. ಪಿಸಿಓಡಿ ಇದ್ದು 40–45 ದಿನಕ್ಕೊಮ್ಮೆ ಮುಟ್ಟಾಗುವವರಲ್ಲಿ ಅಂಡ ಬಿಡುಗಡೆಯೇ ತಡ. ಲೆಕ್ಕದಲ್ಲಿ ಏಳು ವಾರ ಎಂದಿದ್ದರೂ ನಿಜದಲ್ಲಿ ಐದು ವಾರದ ಆಸುಪಾಸು ಇರಬಹುದು, ಆಗ ಹೃದಯ ಬಡಿತ ಕಾಣದಿರುವುದು ಸಹಜ. ಅನುಮಾನವಿದ್ದರೆ ಎರಡನೇ ಸ್ಕ್ಯಾನ್ ಕೇಳಿ. ಕೇಳಿದ್ದಕ್ಕೆ ಯಾವ ಒಳ್ಳೆಯ ವೈದ್ಯರೂ ಬೇಸರ ಮಾಡಿಕೊಳ್ಳುವುದಿಲ್ಲ.

ಗರ್ಭ ಗರ್ಭಕೋಶದ ಒಳಗೇ ಇದೆ ಎನ್ನುವುದೂ ಖಾತ್ರಿಯಾಗಿರಬೇಕು. ಹಿಂದೆ ಸಿಸೇರಿಯನ್ ಆಗಿದ್ದರೆ ಅದು ಹಳೆಯ ಹೊಲಿಗೆಯ ಜಾಗದಲ್ಲಿ ಕೂತಿಲ್ಲ ಎನ್ನುವುದನ್ನೂ ನೋಡಿಸಿ. ಗರ್ಭಕೋಶದ ಹೊರಗೆ, ಅಂಡನಳಿಕೆಯಲ್ಲಿ ಗರ್ಭ ಕೂತಿದ್ದರೆ ಇಲ್ಲಿ ಬರೆದಿರುವ ಯಾವುದೂ ಅನ್ವಯಿಸುವುದಿಲ್ಲ. ಹೊಟ್ಟೆಯ ಒಂದೇ ಬದಿ ತೀವ್ರ ನೋವು, ಭುಜದ ತುದಿಯಲ್ಲಿ ನೋವು, ಕಣ್ಣು ಕತ್ತಲಿಟ್ಟು ಬೀಳುವಂತಾಗುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ಆ ಕ್ಷಣವೇ 108ಕ್ಕೆ ಕರೆ ಮಾಡಿ.

ಜೊತೆಗೆ ಹಿಮೋಗ್ಲೋಬಿನ್ ಮತ್ತು ರಕ್ತದ ಗುಂಪಿನ ಪರೀಕ್ಷೆ ಆಗಲಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಮಹಿಳೆಯರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ, ಹಾಗಾಗಿ ಈ ಪರೀಕ್ಷೆ ಬರೀ ಶಾಸ್ತ್ರಕ್ಕಲ್ಲ. ಪ್ರೊಜೆಸ್ಟರಾನ್ ಮಾತ್ರೆ, ಇಂಜೆಕ್ಷನ್ ನಡೆಯುತ್ತಿದ್ದರೆ ನಿಲ್ಲಿಸುವ ಬಗ್ಗೆ ಕೇಳಿ. ಬಡಿತ ನಿಂತ ಮೇಲೆ ಅದರಿಂದ ಉಪಯೋಗವಿಲ್ಲ.

ಕಾಯುವುದು

ಈಗಾಗಲೇ ರಕ್ತ ಹೋಗಲು ಶುರುವಾಗಿ ಸ್ವಲ್ಪ ಭಾಗ ಹೊರಬಂದಿದ್ದರೆ ಈ ದಾರಿ ಚೆನ್ನಾಗಿ ಕೆಲಸ ಮಾಡುತ್ತದೆ. 2002ರ ಬ್ರಿಟಿಷ್ ಅಧ್ಯಯನವೊಂದರಲ್ಲಿ ಇಂಥವರ ಪೈಕಿ ನೂರಕ್ಕೆ 84 ಮಂದಿಗೆ ಎರಡು ವಾರದೊಳಗೆ ತಾನಾಗಿಯೇ ಮುಗಿದಿತ್ತು. ಏನೂ ಶುರುವಾಗದೆ ಸ್ಕ್ಯಾನಿನಲ್ಲಿ ಮಾತ್ರ ಗೊತ್ತಾದವರಲ್ಲಿ ಅದು 50–60ಕ್ಕೆ ಇಳಿಯುತ್ತದೆ. ಅಂದರೆ ಇಂಥವರಲ್ಲಿ ಹತ್ತಕ್ಕೆ ನಾಲ್ಕೈದು ಮಂದಿ ಎರಡು ವಾರ ಕಾದ ಮೇಲೂ ಇನ್ನಷ್ಟು ಕಾಯಬೇಕು, ಇಲ್ಲವೇ ಬೇರೆ ದಾರಿ ಹಿಡಿಯಬೇಕು.

ಔಷಧಿ ಇಲ್ಲ, ಉಪಕರಣ ಇಲ್ಲ ಎನ್ನುವುದು ಇದರ ಒಳ್ಳೆಯ ಗುಣ. ಯಾವಾಗ ಶುರುವಾಗುತ್ತದೋ ಗೊತ್ತಿಲ್ಲ ಎನ್ನುವುದು ಕಷ್ಟ. ಆಫೀಸಿನಲ್ಲಿ, ಬಸ್ಸಿನಲ್ಲಿ, ನಡುರಾತ್ರಿಯಲ್ಲಿ ಶುರುವಾಗಬಹುದು. ದಪ್ಪ ಪ್ಯಾಡ್, ನೋವಿನ ಮಾತ್ರೆ, ಬದಲಿ ಬಟ್ಟೆ ಬ್ಯಾಗಿನಲ್ಲೇ ಇರಲಿ, ದೂರದ ಪ್ರಯಾಣ ಬೇಡ. ಎರಡು ವಾರಕ್ಕೆ ಮತ್ತೆ ತೋರಿಸುವ ದಿನವನ್ನು ಮೊದಲೇ ಗೊತ್ತುಮಾಡಿಕೊಳ್ಳಿ, ಏಕೆಂದರೆ ಕೊನೆ ದಿನ ಗೊತ್ತಿಲ್ಲದ ಕಾಯುವಿಕೆ ಮನಸ್ಸನ್ನು ತಿನ್ನುತ್ತದೆ. ನಡುವೆ ಸಾಕಾದರೆ ಯಾವ ದಿನ ಬೇಕಾದರೂ ಮಾತ್ರೆಗೋ, ಹೀರಿ ತೆಗೆಯುವ ಎಂವಿಎಗೋ (ಮುಂದೆ ಹೇಳಿದೆ) ಬದಲಾಯಿಸಬಹುದು.

ಮಾತ್ರೆ

ಎರಡು ಔಷಧಿಗಳ ಜೋಡಿ ಇದು. ಮೊದಲ ದಿನ ಮಿಫೆಪ್ರಿಸ್ಟೋನ್ 200 ಮಿ.ಗ್ರಾಂ. ಒಂದು ಮಾತ್ರೆ ನುಂಗುವುದು. 24ರಿಂದ 48 ಗಂಟೆ ಬಿಟ್ಟು ಮಿಸೋಪ್ರೊಸ್ಟಾಲ್ 800 ಮೈಕ್ರೊಗ್ರಾಂ, ಅಂದರೆ 200ರ ನಾಲ್ಕು ಮಾತ್ರೆ. ಮೊದಲನೆಯದು ಗರ್ಭಕೋಶದ ಬಾಯಿಯನ್ನು ಸಡಿಲಗೊಳಿಸುತ್ತದೆ, ಎರಡನೆಯದು ಗರ್ಭಕೋಶವನ್ನು ಸಂಕುಚಿಸಿ ಒಳಗಿರುವುದನ್ನು ಹೊರಹಾಕುತ್ತದೆ. ಕೆಲವು ಕಡೆ ಮಿಸೋಪ್ರೊಸ್ಟಾಲ್ ಒಂದನ್ನೇ ಕೊಡುತ್ತಾರೆ. ಅಮೆರಿಕದಲ್ಲಿ 300 ಮಹಿಳೆಯರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಜೋಡಿ ತೆಗೆದುಕೊಂಡವರ ಪೈಕಿ ನೂರಕ್ಕೆ 84 ಮಂದಿಗೆ ಒಂದೇ ಡೋಸಿನಲ್ಲಿ ಮುಗಿದಿತ್ತು. ಒಂದನ್ನೇ ತೆಗೆದುಕೊಂಡವರಲ್ಲಿ 67 ಮಂದಿಗೆ ಮಾತ್ರ. ಆದ್ದರಿಂದ "ಎರಡೂ ಸಿಗುತ್ತಾ ಡಾಕ್ಟ್ರೇ?" ಎಂದು ಕೇಳುವುದು ವಾಸಿ. ಹೊರಗಿನ ಮೆಡಿಕಲ್ ಸ್ಟೋರಿನಲ್ಲಿ ಸಿಗದಿದ್ದರೆ ಆಸ್ಪತ್ರೆಯ ಫಾರ್ಮಸಿಯಲ್ಲಿ ವಿಚಾರಿಸಿ. ಸ್ಕ್ಯಾನಿಲ್ಲದೆ, ಚೀಟಿಯಿಲ್ಲದೆ ಕಿಟ್ ತಂದು ನುಂಗುವುದು ಮಾತ್ರ ಬೇಡವೇ ಬೇಡ. ಅಂಡನಳಿಕೆಯಲ್ಲಿ ಕೂತ ಗರ್ಭಕ್ಕೆ ಈ ಮಾತ್ರೆ ಕೆಲಸ ಮಾಡುವುದಿಲ್ಲ, ರಕ್ತ ಹೋಯಿತು ಎಂದು ಸಮಾಧಾನಪಟ್ಟುಕೊಂಡ ಹೊತ್ತಿನಲ್ಲೇ ನಳಿಕೆ ಒಡೆದು ಜೀವಕ್ಕೆ ಅಪಾಯವಾಗುತ್ತದೆ.

ಮಿಸೋಪ್ರೊಸ್ಟಾಲ್ ದಿನವನ್ನು ಯೋಚಿಸಿ ಗೊತ್ತುಮಾಡಿ. ಬೆಳಗ್ಗೆ ಎಂಟು ಒಂಬತ್ತಕ್ಕೆ ಇಟ್ಟುಕೊಂಡರೆ ಜೋರು ರಕ್ತಸ್ರಾವ ಹಗಲಿನಲ್ಲೇ ಬಂದು ಹೋಗುತ್ತದೆ. ರಾತ್ರಿ ಇಟ್ಟುಕೊಂಡು ಎರಡು ಗಂಟೆಗೆ ಆಟೊ ಹುಡುಕುವ ಪರಿಸ್ಥಿತಿ ತಂದುಕೊಳ್ಳಬಾರದು. ಲಘುವಾಗಿ ತಿಂಡಿ ತಿನ್ನಿ, ಇಡ್ಲಿ, ಗಂಜಿ ಇಂಥದ್ದು. ಅರ್ಧ ಗಂಟೆ ಮೊದಲೇ ನೋವಿನ ಮಾತ್ರೆ ತೆಗೆದುಕೊಳ್ಳಿ; ಐಬುಪ್ರೊಫೇನ್ 400 ಮಿ.ಗ್ರಾಂ. ಇಲ್ಲವೇ ವೈದ್ಯರು ಬರೆದ ಮೆಫೆನಾಮಿಕ್ ಆಸಿಡ್. ಇವು ಮಿಸೋಪ್ರೊಸ್ಟಾಲ್‌ನ ಕೆಲಸಕ್ಕೆ ಅಡ್ಡಿ ಮಾಡುವುದಿಲ್ಲ. ಅಸಿಡಿಟಿ, ಹುಣ್ಣು, ಆಸ್ತಮಾ, ಕಿಡ್ನಿ ತೊಂದರೆ ಇದ್ದವರು ಮೊದಲೇ ಹೇಳಬೇಕು. ಮೂತ್ರ ಮಾಡಿ ಬಂದು, ಕೈ ತೊಳೆದು, ನಾಲ್ಕೂ ಮಾತ್ರೆಗಳನ್ನು ಯೋನಿಯೊಳಗೆ ಬೆರಳು ಹೋಗುವಷ್ಟು ಮೇಲೆ ಇಟ್ಟು ಅರ್ಧ ಗಂಟೆ ಮಲಗಿ. ಆಮೇಲೆ ಎದ್ದಾಗ ಮಾತ್ರೆಯ ಪುಡಿ ಜಾರಿದರೂ ಔಷಧಿ ಹೀರಿಕೊಂಡಾಗಿರುತ್ತದೆ. ನಾಲಗೆಯ ಕೆಳಗೆ ಇಟ್ಟುಕೊಳ್ಳಲು ಹೇಳಿದ್ದರೆ 30 ನಿಮಿಷ ಕರಗಲು ಬಿಟ್ಟು ಉಳಿದದ್ದನ್ನು ನೀರಿನೊಂದಿಗೆ ನುಂಗಿ. ಆ ವಿಧಾನದಲ್ಲಿ ಚಳಿ, ನಡುಕ, ಭೇದಿ ಸ್ವಲ್ಪ ಹೆಚ್ಚು.

ಸಾಮಾನ್ಯವಾಗಿ ಎರಡರಿಂದ ನಾಲ್ಕು ಗಂಟೆಯೊಳಗೆ ಸೆಳೆತ ಶುರುವಾಗುತ್ತದೆ. ಮುಟ್ಟಿನ ನೋವಿಗಿಂತ ಜೋರು, ಅಲೆಯಲೆಯಾಗಿ ಬರುತ್ತದೆ. ಬಿಸಿನೀರಿನ ಬ್ಯಾಗ್ ಕಿಬ್ಬೊಟ್ಟೆಗೆ ಹಿತ. ರಕ್ತದ ಗಡ್ಡೆಗಳು ಬರುತ್ತವೆ, ನಿಂಬೆಹಣ್ಣಿನಷ್ಟು ದೊಡ್ಡದೂ ಇರಬಹುದು. ಅವುಗಳ ನಡುವೆ ಬಿಳಿಚಾದ, ಬೂದು ಬಣ್ಣದ, ನೀರಿನಲ್ಲಿ ಹತ್ತಿಯಂತೆ ಬಿಚ್ಚಿಕೊಳ್ಳುವ ಅಂಗಾಂಶ ಕಾಣುತ್ತದೆ. ಎಂಟು ವಾರದೊಳಗೆ ಬೆಳವಣಿಗೆ ನಿಂತ ಗರ್ಭದಲ್ಲಿ ಭ್ರೂಣ ಗುರುತು ಸಿಗುವುದು ಅಪರೂಪ. ಒಂಬತ್ತು ಹತ್ತು ವಾರದವರೆಗೆ ಬೆಳೆದಿದ್ದರೆ ಚೀಲ ಇಡಿಯಾಗಿ ಬಂದು ಒಳಗಿನದು ಕಾಣಬಹುದು. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಹೇಳಿದ್ದರೆ ಅದನ್ನು ಒಬ್ಬಂಟಿಯಾಗಿ ಬಾತ್‌ರೂಮಿನಲ್ಲಿ ಎದುರಿಸುವ ಆಘಾತ ಎಷ್ಟೋ ಕಡಿಮೆಯಾಗುತ್ತಿತ್ತು. ನೋಡಲು ಬೇಡ ಎನಿಸಿದರೆ ನೋಡದಿದ್ದರೂ ಸರಿ. ಫ್ಲಶ್ ಮಾಡಲು ಮನಸ್ಸು ಒಪ್ಪದವರು ಸ್ವಚ್ಛವಾದ ಮಗ್‌ನಲ್ಲಿ ಹಿಡಿದು, ಬಿಳಿ ಬಟ್ಟೆಯಲ್ಲಿ ಸುತ್ತಿ ಹಿತ್ತಲಿನಲ್ಲೋ ತೋಟದಲ್ಲೋ ಮಣ್ಣು ಮಾಡಬಹುದು.

ಮೊದಲ ಕೆಲವು ಗಂಟೆಗಳಲ್ಲಿ ಚಳಿ ಬಂದು ಮೈ ಬಿಸಿಯಾಗುವುದು ಮಾತ್ರೆಯ ಗುಣ. 24 ಗಂಟೆ ಕಳೆದ ಮೇಲೂ ಜ್ವರ 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ದಾಟಿದ್ದರೆ ಸೋಂಕಿನ ಸೂಚನೆ. ದಪ್ಪ ಪ್ಯಾಡ್ ಗಂಟೆಗೆ ಎರಡರಂತೆ ಪೂರ್ತಿ ನೆನೆದು, ಎರಡು ಗಂಟೆ ಬಿಡದೆ ಹಾಗೇ ಆದರೆ ಆಸ್ಪತ್ರೆಗೆ ಹೊರಡಿ, ಇನ್ನೊಂದು ಗಂಟೆ ನೋಡೋಣ ಎನ್ನಬೇಡಿ. ಕೆಟ್ಟ ವಾಸನೆಯ ಸ್ರಾವ, ಮಾತ್ರೆಗೆ ಬಗ್ಗದ ನೋವು, ತಲೆಸುತ್ತು ಇದ್ದರೂ ಅಷ್ಟೇ. ಇದು ಕಾಯುವ ದಾರಿ ಆರಿಸಿದವರಿಗೂ ಅನ್ವಯಿಸುತ್ತದೆ. ಇನ್ನೊಂದು ಕಡೆ, 24 ಗಂಟೆಯಾದರೂ ರಕ್ತವೇ ಕಾಣದಿದ್ದರೆ ಫೋನ್ ಮಾಡಿ, ಎರಡನೇ ಡೋಸ್ ಬೇಕಾಗಬಹುದು. ಎಲ್ಲ ಸರಿಯಾಗಿದ್ದರೆ ಜೋರು ಸ್ರಾವ ಒಂದು ದಿನದಲ್ಲಿ ತಗ್ಗಿ, ಒಂದೆರಡು ವಾರ ಮುಟ್ಟಿನಂತೆ ಹೋಗಿ ನಿಲ್ಲುತ್ತದೆ.

ಹಿಂದಿನ ಸಿಸೇರಿಯನ್ ಇದಕ್ಕೆ ಅಡ್ಡಿಯಲ್ಲ. ರಕ್ತ ತೆಳುವಾಗಿಸುವ ಔಷಧಿ, ದೀರ್ಘಕಾಲದ ಸ್ಟೀರಾಯ್ಡ್, ರಕ್ತ ಹೆಪ್ಪುಗಟ್ಟದ ಕಾಯಿಲೆ, ಒಳಗೆ ಕಾಪರ್-ಟಿ, ಇವುಗಳಲ್ಲಿ ಯಾವುದಿದ್ದರೂ ವೈದ್ಯರಿಗೆ ಮೊದಲೇ ತಿಳಿಸಿ.

ಎಂವಿಎ ಮತ್ತು ಡಿ ಆಂಡ್ ಸಿ ಒಂದೇ ಅಲ್ಲ

"ಕ್ಲೀನಿಂಗ್" ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ವಿಧಾನಗಳು ಸೇರಿಹೋಗಿವೆ. ಲೋಹದ ಕ್ಯುರೆಟ್ಟಿನಿಂದ ಗರ್ಭಕೋಶದ ಗೋಡೆ ಕೆರೆಯುವುದು ಹಳೆಯ ಡಿ ಆಂಡ್ ಸಿ. ಪ್ಲಾಸ್ಟಿಕ್ ನಳಿಕೆಯಿಂದ ಹೀರಿ ತೆಗೆಯುವುದು ವ್ಯಾಕ್ಯೂಮ್ ಆಸ್ಪಿರೇಷನ್, ಕೈಯಿಂದ ಮಾಡಿದರೆ ಎಂವಿಎ. ಕೆರೆಯುವ ವಿಧಾನದ ಬದಲು ಹೀರುವ ವಿಧಾನವನ್ನೇ ಬಳಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಗೋಡೆಯ ಆಳದ ಪದರ ಕೆರೆದುಹೋದರೆ ಗರ್ಭಕೋಶದೊಳಗೆ ಅಂಟು ಕಟ್ಟಿಕೊಳ್ಳುತ್ತದೆ, ಮುಟ್ಟು ಕಡಿಮೆಯಾಗುತ್ತದೆ, ಮುಂದಿನ ಗರ್ಭಕ್ಕೆ ತೊಂದರೆಯಾಗುತ್ತದೆ. ಎರಡು ಮೂರು ಸಲ ಕೆರೆಸಿಕೊಂಡವರಲ್ಲಿ ಇದರ ಅಪಾಯ ಹೆಚ್ಚು. ಸಹಿ ಹಾಕುವ ಮುಂಚೆ "ಎಂವಿಎ ಮಾಡ್ತೀರಾ, ಕ್ಯುರೆಟ್ ಬಳಸ್ತೀರಾ?" ಎಂದು ಕೇಳಲೇಬೇಕು. ಈ ಬರಹದಲ್ಲಿ ಒಂದೇ ಒಂದು ಪ್ರಶ್ನೆ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಎಂವಿಎಗೆ ಬೇಕಾದದ್ದು 60 ಮಿ.ಲೀ. ಸಿರಿಂಜ್ ಮತ್ತು ಬಾಗುವ ನಳಿಕೆ. ನಳಿಕೆಯ ದಪ್ಪ ಹೆಚ್ಚು ಕಡಿಮೆ ವಾರಗಳ ಲೆಕ್ಕದಲ್ಲೇ ಇರುತ್ತದೆ, ಎಂಟು ವಾರಕ್ಕೆ 8 ಮಿ.ಮೀ.ನ ಆಸುಪಾಸು. ಗರ್ಭಕೋಶದ ಬಾಯಿ ಮೆತ್ತಗಾಗಲೆಂದು ಕೆಲವು ಗಂಟೆ ಮೊದಲು ಮಿಸೋಪ್ರೊಸ್ಟಾಲ್ 400 ಮೈಕ್ರೊಗ್ರಾಂ ಕೊಡುವುದುಂಟು. ಸೋಂಕು ತಡೆಯಲು ಮೊದಲೇ ಒಂದು ಡೋಸ್ ಆ್ಯಂಟಿಬಯೋಟಿಕ್ ಕೊಡುತ್ತಾರೆ. ಗರ್ಭಕೋಶದ ಬಾಯಿಯ ಸುತ್ತ ಮರಗಟ್ಟಿಸುವ ಲಿಗ್ನೊಕೇನ್ ಚುಚ್ಚಿ, ಎಚ್ಚರವಿದ್ದಾಗಲೇ 5–10 ನಿಮಿಷದಲ್ಲಿ ಮುಗಿಸಬಹುದು. ನಳಿಕೆಯಲ್ಲಿ ಗುಲಾಬಿ ಬಣ್ಣದ ನೊರೆ ಬರತೊಡಗಿದರೆ, ಗೋಡೆ ಒರಟಾಗಿ ತಗಲಿದರೆ ಖಾಲಿಯಾಯಿತೆಂದು ಅರ್ಥ. ತೆಗೆದದ್ದನ್ನು ನೀರಿನಲ್ಲಿ ತೇಲಿಬಿಟ್ಟು ಬೆಳಕಿಗೆ ಹಿಡಿದು ಎಲ್ಲ ಬಂದಿದೆಯೇ ಎಂದು ವೈದ್ಯರು ನೋಡುತ್ತಾರೆ. ಎಚ್ಚರವಿರಲು ಆಗದು ಎನ್ನುವವರು ನಿದ್ದೆ ಬರಿಸುವ ಅರಿವಳಿಕೆ ಕೇಳಬಹುದು, ಅದೂ ಸರಿಯಾದ ಕಾರಣವೇ. ಆಗ ಆರು ಗಂಟೆ ಮೊದಲಿಂದ ಊಟ ತಿಂಡಿ ಬಿಡಬೇಕು, ಜೊತೆಗೊಬ್ಬರು ಇರಬೇಕು. ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು.

ನೂರಕ್ಕೆ 95ಕ್ಕಿಂತ ಹೆಚ್ಚು ಮಂದಿಗೆ ಒಂದೇ ಸಲಕ್ಕೆ ಮುಗಿಯುತ್ತದೆ, ಇದೇ ಇದರ ದೊಡ್ಡ ಬಲ. ಗರ್ಭಕೋಶಕ್ಕೆ ತೂತಾಗುವುದು ಸಾವಿರಕ್ಕೆ ಒಂದರ ಆಸುಪಾಸು. ಎಲ್ಲೆಡೆ ಮರೆತುಬಿಡುವ ಒಂದು ಸಂಗತಿ ಹಾಸಿಗೆಯದು: ಬಾಣಂತಿಯರ ವಾರ್ಡಿನಲ್ಲಿ, ಪಕ್ಕದ ತೊಟ್ಟಿಲಿನ ಮಗುವಿನ ಅಳು ಕೇಳುತ್ತಾ ಮಲಗಬೇಕಾಗಿ ಬರುವುದು ತೀರಾ ಸಂಕಟ. ಬೇರೆ ವಾರ್ಡಿನಲ್ಲಿ ಹಾಸಿಗೆ ಕೊಡಿ ಎಂದು ಜೊತೆಯವರು ಮೊದಲೇ ಕೇಳಲಿ. ಬೆಂಗಳೂರಿನ ವಾಣಿವಿಲಾಸ, ಮೈಸೂರಿನ ಚೆಲುವಾಂಬದಂಥ ಸರ್ಕಾರಿ ಆಸ್ಪತ್ರೆಗಳಲ್ಲೂ ಈ ಚಿಕಿತ್ಸೆ ಇದೆ. ಖಾಸಗಿಯಲ್ಲಿ ವಿಮೆ ನಂಬಿಕೊಂಡು ಹೋಗುವವರು ಪಾಲಿಸಿ ಓದಿ. ಹೆರಿಗೆ ರಕ್ಷಣೆ ಇಲ್ಲದ ಸಾಮಾನ್ಯ ಆರೋಗ್ಯ ಪಾಲಿಸಿಗಳು ಅಪಘಾತದಿಂದಾದ ಗರ್ಭಪಾತವನ್ನು ಬಿಟ್ಟು ಉಳಿದದ್ದಕ್ಕೆ ಹಣ ಕೊಡುವುದಿಲ್ಲ. ಅಂಡನಳಿಕೆಯ ಗರ್ಭಕ್ಕೆ ಮಾತ್ರ ಈ ನಿರ್ಬಂಧವಿಲ್ಲ.

ಹಾಗಾದರೆ ಯಾರಿಗೆ ಯಾವುದು

ರಕ್ತಸ್ರಾವ ವಿಪರೀತವಿದ್ದರೆ, ಸೋಂಕಿದ್ದರೆ, ಸ್ಕ್ಯಾನಿನಲ್ಲಿ ದ್ರಾಕ್ಷಿಗೊಂಚಲಿನಂಥ ಮೋಲಾರ್ ಗರ್ಭದ ಅನುಮಾನವಿದ್ದರೆ ಪ್ರಶ್ನೆಯೇ ಇಲ್ಲ, ಹೀರಿ ತೆಗೆಸಬೇಕು. ಹಿಮೋಗ್ಲೋಬಿನ್ 9–10ಕ್ಕಿಂತ ಕಡಿಮೆಯಿದ್ದರೆ, ರಕ್ತ ಸಿಗುವ ಆಸ್ಪತ್ರೆ ಒಂದು ಗಂಟೆಗಿಂತ ದೂರವಿದ್ದರೆ ಎಂವಿಎ ಕಡೆಗೇ ನಮ್ಮ ಒಲವು. ಮಲೆನಾಡಿನ ಒಳಹಳ್ಳಿಯಲ್ಲಿ ಮಳೆಗಾಲದ ರಾತ್ರಿ ರಕ್ತಸ್ರಾವ ಎದುರಿಸುವುದಕ್ಕಿಂತ, ಮಾತ್ರೆಯೇ ಬೇಕಿದ್ದರೆ ಪೇಟೆಯ ಹತ್ತಿರದ ನೆಂಟರ ಮನೆಯಲ್ಲಿದ್ದು ತೆಗೆದುಕೊಳ್ಳುವುದು ಮೇಲು. ಆಸ್ಪತ್ರೆ ಹತ್ತಿರವಿದ್ದು, ಜೊತೆಗೆ ಒಬ್ಬರಿದ್ದು, ಇಂಥ ದಿನ ಮುಗಿಯಲಿ ಎನ್ನುವವರಿಗೆ ಮಾತ್ರೆ ಹೊಂದುತ್ತದೆ. ರಕ್ತ ಆಗಲೇ ಶುರುವಾಗಿದ್ದರೆ, ಅಥವಾ ಒಪ್ಪಿಕೊಳ್ಳಲು ಮನಸ್ಸಿಗೆ ಸಮಯ ಬೇಕಿದ್ದರೆ ಕಾಯಿರಿ. ಮನೆಯಲ್ಲಿ ಪುಟ್ಟ ಮಗುವಿದ್ದು ಇಡೀ ದಿನ ಬಾತ್‌ರೂಮಿನಲ್ಲಿ ಕೂರಲು ಆಗದ ತಾಯಿ ಎಂವಿಎ ಕೇಳಿದರೆ ಅವಸರ ಮಾಡಿದಳು ಎಂದು ಯಾರೂ ಹೇಳಬಾರದು.

ಮುಗಿದ ಮೇಲೆ

ರಕ್ತದ ಗುಂಪು ನೆಗೆಟಿವ್ ಇದ್ದರೆ, ಮುಂದಿನ ಗರ್ಭಕ್ಕೆ ತೊಂದರೆಯಾಗದಂತೆ ಕೊಡುವ ಆ್ಯಂಟಿ-ಡಿ ಇಂಜೆಕ್ಷನ್ ಬಗ್ಗೆ 72 ಗಂಟೆಯೊಳಗೆ ತೀರ್ಮಾನವಾಗಬೇಕು. 12 ವಾರದೊಳಗೆ ಅದು ಬೇಡ ಎನ್ನುವ ಮಾರ್ಗಸೂಚಿಗಳು ಹೊರದೇಶಗಳಲ್ಲಿ ಬಂದಿವೆ, ನಮ್ಮಲ್ಲಿ ಹೆಚ್ಚಿನ ವೈದ್ಯರು ಇನ್ನೂ ಕೊಡುತ್ತಾರೆ. ನೀವೇ ನೆನಪಿಸಿ.

ಒಂದೆರಡು ವಾರದ ನಂತರದ ಸ್ಕ್ಯಾನಿನಲ್ಲಿ "ಸ್ವಲ್ಪ ಉಳಿದಿದೆ" ಎಂದು ಬರೆದ ಮಾತ್ರಕ್ಕೆ ಕ್ಲೀನಿಂಗ್ ಬೇಕೆಂದಿಲ್ಲ. ಒಳಪದರ ಇಷ್ಟು ಮಿ.ಮೀ. ದಪ್ಪವಿದೆ ಎನ್ನುವ ಒಂದೇ ಕಾರಣಕ್ಕೆ ಒಪ್ಪಬೇಡಿ. ರಕ್ತ ಕಡಿಮೆಯಾಗುತ್ತಾ ಬಂದಿದ್ದು, ಜ್ವರ ನೋವು ಇಲ್ಲದಿದ್ದರೆ ಮುಂದಿನ ಮುಟ್ಟಿನವರೆಗೆ ಕಾಯಬಹುದು. ಮೂರು ವಾರಕ್ಕೆ ಮನೆಯಲ್ಲೇ ಪ್ರೆಗ್ನೆನ್ಸಿ ಟೆಸ್ಟ್ ಮಾಡಿ, ಪಾಸಿಟಿವ್ ಬಂದರೆ ತೋರಿಸಿ. ಮುಟ್ಟು ಸಾಮಾನ್ಯವಾಗಿ 4–6 ವಾರಕ್ಕೆ ಬರುತ್ತದೆ. ಅಂಡ ಬಿಡುಗಡೆ ಎರಡು ವಾರಕ್ಕೇ ಆಗಬಹುದು, ಸದ್ಯಕ್ಕೆ ಬಸಿರು ಬೇಡವಾದರೆ ಮೊದಲ ದಿನದಿಂದಲೇ ಎಚ್ಚರ ಬೇಕು.

ಅಂಗಾಂಶದ ಪರೀಕ್ಷೆಯಲ್ಲಿ ಒಂದು ತಪ್ಪು ಪದೇ ಪದೇ ನಡೆಯುತ್ತದೆ. ಮೋಲಾರ್ ಗರ್ಭವಿದೆಯೇ ಎಂದು ನೋಡುವ ಬಯಾಪ್ಸಿಗೆ ಫಾರ್ಮಲಿನ್ ಡಬ್ಬಿ ಬೇಕು, ಕ್ರೋಮೋಸೋಮ್ ಪರೀಕ್ಷೆಗೆ ನಾರ್ಮಲ್ ಸಲೈನ್. ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಿಬಿಟ್ಟರೆ ಕ್ರೋಮೋಸೋಮ್ ಪರೀಕ್ಷೆಯ ಅವಕಾಶ ಕೈತಪ್ಪುತ್ತದೆ. ಇದು ಎರಡನೆಯ ಅಥವಾ ಮೂರನೆಯ ನಷ್ಟವಾಗಿದ್ದರೆ ಮೊದಲೇ ಲ್ಯಾಬಿನಿಂದ ಸಲೈನ್ ಡಬ್ಬಿ ತರಿಸಿಟ್ಟುಕೊಳ್ಳಿ. ಪದೇ ಪದೇ ಗರ್ಭ ಹೋದವರಿಗೆ ಥೈರಾಯ್ಡ್, ಸಕ್ಕರೆ, ಗರ್ಭಕೋಶದ ಆಕಾರ, ಮತ್ತು ರಕ್ತ ಹೆಪ್ಪುಗಟ್ಟಿಸುವ ಆ್ಯಂಟಿಬಾಡಿಗಳನ್ನು 12 ವಾರದ ಅಂತರದಲ್ಲಿ ಎರಡು ಸಲ ನೋಡುವುದು ಅರ್ಥಪೂರ್ಣ. ಕೆಲವು ಸೋಂಕುಗಳನ್ನು ಹುಡುಕುವ ಟಾರ್ಚ್ ರಕ್ತ ಪರೀಕ್ಷೆಗೆ ಸಾವಿರಾರು ರೂಪಾಯಿ ಸುರಿಯುವುದರಿಂದ ಏನೂ ತಿಳಿಯುವುದಿಲ್ಲ.

ಕೆಲಸದಲ್ಲಿರುವವರು ರಜೆಯ ಹಕ್ಕು ಬಿಡಬೇಡಿ. ಗರ್ಭಪಾತಕ್ಕೆ ಆರು ವಾರ ಸಂಬಳ ಸಹಿತ ರಜೆ 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿತ್ತು, 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಉಳಿದಿದೆ. ಇಎಸ್‌ಐ ಇರುವವರಿಗೂ ಇದೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಗರ್ಭಪಾತವೆಂದೇ ಬರೆಸಿಕೊಳ್ಳಿ, "ಹೊಟ್ಟೆನೋವು" ಎಂದು ಬರೆಸಿದರೆ ರಜೆ ಸಿಗುವುದಿಲ್ಲ.

ಮನಸ್ಸಿನದು

ಪಪ್ಪಾಯ ತಿಂದದ್ದಕ್ಕೆ, ಗಾಡಿ ಓಡಿಸಿದ್ದಕ್ಕೆ, ಉಷ್ಣಕ್ಕೆ, ಗ್ರಹಣಕ್ಕೆ ಹೀಗಾಯಿತು ಎಂದು ಮನೆಯಲ್ಲಿ ಯಾರಾದರೂ ಹುಡುಕತೊಡಗುತ್ತಾರೆ. ಮೊದಲ ಮೂರು ತಿಂಗಳ ಗರ್ಭಪಾತಗಳಲ್ಲಿ ಸುಮಾರು ಅರ್ಧಕ್ಕೆ ಕಾರಣ, ಅಂಡಾಣು ವೀರ್ಯಾಣು ಸೇರುವ ಹೊತ್ತಿಗೇ ಆದ ಕ್ರೋಮೋಸೋಮ್ ಏರುಪೇರು. ಅದಕ್ಕೆ ತಾಯಿ ಮಾಡಿದ್ದು, ಮಾಡದಿದ್ದದ್ದು ಯಾವುದೂ ಕಾರಣವಲ್ಲ. ಈ ಮಾತನ್ನು ಅತ್ತೆ ಮಾವನ ಎದುರೇ ಹೇಳಿ ಎಂದು ವೈದ್ಯರನ್ನು ಕೇಳಿಕೊಳ್ಳಬಹುದು, ಮನೆಯಲ್ಲಿ ಅದರ ಪರಿಣಾಮವೇ ಬೇರೆ.

ತಾಯಿ ಕಾರ್ಡ್ ಆಗಿದ್ದರೆ ಗಂಡನೋ ಅಮ್ಮನೋ ಆಶಾ ಕಾರ್ಯಕರ್ತೆಗೆ ತಿಳಿಸಿ ದಾಖಲೆಯಲ್ಲಿ ನಮೂದು ಮಾಡಿಸಲಿ. ಇಲ್ಲದಿದ್ದರೆ ಐದನೇ ತಿಂಗಳಲ್ಲಿ, ಏಳನೇ ತಿಂಗಳಲ್ಲಿ "ತಪಾಸಣೆಗೆ ಯಾಕೆ ಬಂದಿಲ್ಲ?" ಎಂಬ ಕರೆ ಬರುತ್ತದೆ. ಫೋನಿನ ಪ್ರೆಗ್ನೆನ್ಸಿ ಆ್ಯಪ್ ಅಳಿಸಿಹಾಕಿ, ಡಯಾಗ್ನಾಸ್ಟಿಕ್ ಸೆಂಟರಿನ ಮೆಸೇಜು ನಿಲ್ಲಿಸಿ. ನೆಂಟರಿಗೆ ವಿಷಯ ಮುಟ್ಟಿಸುವ ಕೆಲಸ ಒಬ್ಬರಿಗೇ ವಹಿಸಿ, ಪ್ರತಿಯೊಬ್ಬರಿಗೂ ಅವಳೇ ಮೊದಲಿಂದ ಹೇಳುವಂತಾಗಬಾರದು. ಬಂದವರು "ಇನ್ನೊಂದು ಆಗುತ್ತೆ ಬಿಡು" ಎನ್ನುವ ಬದಲು ಊಟ ತಂದಿಟ್ಟು ಸುಮ್ಮನೆ ಹತ್ತಿರ ಕೂತರೆ ಸಾಕು. ಬಾಣಂತಿಗೆ ಮಾಡುವಷ್ಟೇ ಆರೈಕೆ ಮಾಡಿ, ಆದರೆ ನೀರು ಕಟ್ಟುವುದು, ಸೊಪ್ಪು ತರಕಾರಿ ಬಿಡಿಸುವುದು ಬೇಡ. ರಕ್ತ ಹೋದ ಮೈಗೆ ನೀರು, ಕಬ್ಬಿಣ, ಸೊಪ್ಪು ಬೇಕು. ಸೀಮಂತ, ನಾಮಕರಣಗಳಿಗೆ ಕೆಲವು ತಿಂಗಳು ಹೋಗದಿದ್ದರೆ ಅದು ಹೊಟ್ಟೆಕಿಚ್ಚಲ್ಲ.

ಗಂಡಸರ ದುಃಖ ಹೆಚ್ಚಾಗಿ ಆಸ್ಪತ್ರೆಯ ಬಿಲ್ಲು, ಔಷಧಿ, ಓಡಾಟದ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಅವರನ್ನೂ ಒಮ್ಮೆ ಕೂರಿಸಿ ಕೇಳಿ.

2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆರಂಭಿಕ ಗರ್ಭ ಕಳೆದುಕೊಂಡ ಮಹಿಳೆಯರ ಪೈಕಿ ನೂರಕ್ಕೆ 29 ಮಂದಿಗೆ ಒಂದು ತಿಂಗಳ ನಂತರ ಆಘಾತದ ಲಕ್ಷಣಗಳಿದ್ದವು, ಒಂಬತ್ತು ತಿಂಗಳ ನಂತರವೂ 18 ಮಂದಿಗೆ ಉಳಿದಿದ್ದವು. ಬಾತ್‌ರೂಮಿಗೆ ಹೋದಾಗಲೆಲ್ಲ ಆ ದಿನ ಕಣ್ಣಿಗೆ ಕಟ್ಟುವುದು, ನಿದ್ದೆ ಬಾರದಿರುವುದು, ಎರಡು ವಾರ ದಾಟಿದರೂ ಏಳಲು, ತಿನ್ನಲು ಮನಸ್ಸಾಗದಿರುವುದು, ಬದುಕಿರುವುದೇ ಬೇಡ ಎನಿಸುವುದು, ಇವಕ್ಕೆ ಚಿಕಿತ್ಸೆ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಸಿರು ಬಾಣಂತನದ ಕಾಲದ ಮಾನಸಿಕ ತೊಂದರೆಗಳಿಗೆಂದೇ ಪ್ರತ್ಯೇಕ ವಿಭಾಗವಿದೆ. ಬೇರೆ ಜಿಲ್ಲೆಯವರು ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ನೇರವಾಗಿ ಹೋಗಿ ತೋರಿಸಬಹುದು.